ಲಿಬುಶೆಯ ಕಣ್ಣು ತೆರೆದ ಬೆಳಗು

ಕಲ್ಲಿನ ಕೆಲಸದಲ್ಲಿ ಕಣ್ಣು ಕಡೆಯದು. ಪಾದದಿಂದ ಕಿರೀಟದವರೆಗೆ ಎಲ್ಲವೂ ಮುಗಿದು, ಮೈಯೆಲ್ಲ ಉಜ್ಜಿ ನಯವಾದ ಮೇಲೆಯೂ ವಿಗ್ರಹದ ಕಣ್ಣಿನ ಜಾಗ ಮಾತ್ರ ಬಿರಿಯದ ಮೊಗ್ಗಿನಂತೆ ಉಬ್ಬಿಕೊಂಡೇ ಇರಬೇಕು. ನನ್ನ ತಂದೆಯವರು ಅದರ ಮೇಲೆ ಜೇನುಮೇಣದ ತೆಳುವಾದ ಪೊರೆಯನ್ನು ಹಚ್ಚಿಡುತ್ತಿದ್ದರು. ಒಳ್ಳೆಯ ದಿನ ನೋಡಿ, ಉಪವಾಸವಿದ್ದು, ಮಿಂದು ಬಂದ ಶಿಲ್ಪಿ ಆ ಪೊರೆಯನ್ನು ತೆಗೆದು ಕಣ್ಣಿನ ರೇಖೆಯನ್ನು ಬಿಡಿಸುತ್ತಾನೆ. ಆಗಲೂ ಅವನು ಎದುರಿಗೆ ನಿಲ್ಲುವಂತಿಲ್ಲ. ಪಕ್ಕದಲ್ಲಿ ನಿಂತು, ಇನ್ನೊಬ್ಬರು ಎದುರಿಗೆ ಹಿಡಿದ ಕನ್ನಡಿಯಲ್ಲಿ ನೋಡುತ್ತ ಉಳಿ ನಡೆಸಬೇಕು. ತೆರೆದ ಕಣ್ಣಿನ ಮೊದಲ ನೋಟ ಕನ್ನಡಿಗೆ ಸಲ್ಲಬೇಕು, ಮನುಷ್ಯನಿಗಲ್ಲ.

ಈ ಶಿಸ್ತಿನಲ್ಲಿ ಹದಿನಾರನೆಯ ವಯಸ್ಸಿನಿಂದ ಬೆಳೆದ ನಾನು, ಅರವತ್ತರ ಹೊಸ್ತಿಲಲ್ಲಿ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಗೆ ಬಂದು ಸೇರಿದೆ. ಅಲ್ಲಿ ಕಲ್ಲಿಲ್ಲ. ಜೇಡಿಮಣ್ಣಿನಲ್ಲಿ ಮೂರ್ತಿಯನ್ನು ಮಾಡಿ, ಅದರಿಂದ ಅಚ್ಚು ತೆಗೆದು, ಆ ಅಚ್ಚಿನೊಳಗೆ ಫೈಬರ್ ಹಾಸಿ ಪೊಳ್ಳು ಪ್ರತಿಮೆಯನ್ನು ಎಬ್ಬಿಸುತ್ತಾರೆ. ಹೋಟೆಲುಗಳ ಒಂಟೆ, ಅಂಗಡಿಗಳ ಗಿಡುಗ, ಈಜುಕೊಳದ ಡಾಲ್ಫಿನ್, ಇವುಗಳ ಕಣ್ಣನ್ನು ನಾನು ದಿನ ನೋಡದೆ, ಕನ್ನಡಿ ಹಿಡಿಸದೆ, ಚಹಾ ಆರುವುದರೊಳಗೆ ಕೊರೆದು ಮುಗಿಸಿದ್ದೇನೆ. ಅದಕ್ಕೆ ಪಶ್ಚಾತ್ತಾಪವೂ ಆಗಿಲ್ಲ. ಅವು ಅಲಂಕಾರ, ಅಲಂಕಾರಕ್ಕೆ ಮುಹೂರ್ತ ಬೇಡ.

ಕಾರ್ಖಾನೆಯಲ್ಲಿ ಅಚ್ಚಿನ ವಿಭಾಗದ ಫೋರ್‌ಮನ್ ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು. ಐವತ್ತು ದಾಟಿದವರು, ಮಾತಿನಲ್ಲಿ ಚುರುಕು, ಕೆಲಸದಲ್ಲಿ ಇನ್ನೂ ಚುರುಕು. ಅವರು ನನ್ನನ್ನು ಊರಿನ ರೂಢಿಯಂತೆ ‘ಆಚಾರ್ರೆ’ ಎನ್ನುತ್ತಿದ್ದರು. ನಾನು ಅವರನ್ನು ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ ‘ಪೊರ್ಬುಗಳೇ’ ಎನ್ನುತ್ತಿದ್ದೆ. ಆ ವರ್ಷ ಅವರ ತಲೆಯ ಮೇಲೆ ಒಂದು ಕತ್ತಿ ತೂಗುತ್ತಿತ್ತು. ಹಿಂದಿನ ತಿಂಗಳು ಒಂದು ಹೋಟೆಲಿನ ಮುಂದೆ ನಿಲ್ಲಿಸಿದ ಒಂಟೆಯ ಮುಂಗಾಲು ಬಿರುಕು ಬಿಟ್ಟು, ತಪ್ಪು ಅವರ ಅಚ್ಚಿನ ಮೇಲೆ ಬಂದಿತ್ತು. ಅವರ ವೀಸಾ ನವೀಕರಣದ ಕಾಗದ ಮಾಲೀಕರ ಮೇಜಿನ ಮೇಲಿತ್ತು. ಮಾಲೀಕರು ಸಹಿ ಹಾಕಿರಲಿಲ್ಲ. ‘ಈ ಸಲದ ಕೆಲಸ ತಕರಾರಿಲ್ಲದೆ ಒಪ್ಪಿಸಿ ಬಾ. ಮತ್ತೆ ಕಂಪ್ಲೇಂಟ್ ಬಂದರೆ ಖಲಾಸ್,’ ಎಂದಿದ್ದರು. ಪೊರ್ಬುಗಳ ಮಗಳು ಹನ್ನೆರಡನೆಯ ತರಗತಿ. ಬೋರ್ಡ್ ಪರೀಕ್ಷೆಗೆ ಕೆಲವೇ ವಾರಗಳು. ತಂದೆಯ ವೀಸಾ ರದ್ದಾದರೆ ತಾಯಿ, ಮಗಳು ಇಬ್ಬರೂ ಪರೀಕ್ಷೆಯ ನಡುವೆಯೇ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು.

ಆ ಕೆಲಸವೇ ಜೆಕ್ ದೇಶದ ಪುರಾಣದ ನಾಲ್ಕು ಪ್ರತಿಮೆಗಳು. ಅಬುಧಾಬಿಯಲ್ಲಿ ಕಡಲಿನ ಕಾಲುವೆಯ ಪಕ್ಕದ ಒಂದು ಸಾರ್ವಜನಿಕ ಉದ್ಯಾನದಲ್ಲಿ ಅವನ್ನು ನಿಲ್ಲಿಸಬೇಕಿತ್ತು. ಪ್ರಾಗ್ ನಗರದಲ್ಲಿ, ನದಿಯ ಮೇಲಿನ ಹಳೆಯ ಕೋಟೆಯ ತೋಟದಲ್ಲಿ ಇಂಥ ಕಲ್ಲಿನ ಪ್ರತಿಮೆಗಳಿವೆಯಂತೆ. ಜನ ಅವುಗಳ ಕೆಳಗೆ ಕುಳಿತು ಬುತ್ತಿ ಬಿಚ್ಚುತ್ತಾರಂತೆ. ಉಸ್ತುವಾರಿಗೆ ಬಂದ ಜೆಕ್ ಮಹಿಳೆ ಚಿತ್ರಗಳನ್ನು ಮೇಜಿನ ಮೇಲೆ ಹರಡಿ ಒಂದೊಂದರ ಕಥೆಯನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ನನಗೆ ತಿಳಿಯದ ಕಡೆ ಪೊರ್ಬುಗಳು ಕನ್ನಡದಲ್ಲಿ ಹೇಳುತ್ತಿದ್ದರು.

ಮೊದಲು ಶಾರ್ಕಾ ಎಂಬ ಯೋಧೆಯ ಕಥೆ. ಸ್ತ್ರೀಯರಿಗೂ ಪುರುಷರಿಗೂ ಯುದ್ಧ ನಡೆದಾಗ ಅವಳು ತನ್ನನ್ನೇ ಮರಕ್ಕೆ ಕಟ್ಟಿಸಿಕೊಂಡು ಅತ್ತಳು. ಕನಿಕರದಿಂದ ಬಿಡಿಸಲು ಬಂದ ವೀರ ಸ್ತಿರಾದನಿಗೆ ಮಧುವನ್ನು ಕುಡಿಸಿದಳು. ಕೊಂಬು ಊದಿಸಿ ತನ್ನವರನ್ನು ಕರೆದು ಅವನನ್ನು ಹಿಡಿದುಕೊಟ್ಟಳು.

‘ಕೇಳಿದ್ರಾ ಆಚಾರ್ರೆ? ಹಾಗಾದ್ರೆ ಮರಕ್ಕೆ ಕಟ್ಟಿದ ಹೆಂಗಸನ್ನು ಬಿಡಿಸ್ಲಿಕ್ಕೆ ಹೋಗ್ಬಾರದು,’ ಎಂದರು ಪೊರ್ಬುಗಳು.

‘ಮಧು ಕೊಟ್ಟರೆ ಕುಡಿಯಬಾರದು ಎಂದು ನನಗೆ ಅರ್ಥವಾಯಿತು. ನಿಮಗೆ ಅದು ಕೇಳಿಸಲಿಲ್ಲವೋ ಏನೋ,’ ಎಂದೆ. ಅವರು ಮಹಿಳೆಯ ಮುಂದೆಯೇ ಗಟ್ಟಿಯಾಗಿ ನಕ್ಕುಬಿಟ್ಟರು.

ಇನ್ನೊಂದು ಜೋಡಿ ಲಿಬುಶೆ ಮತ್ತು ಅವಳ ಗಂಡ ಪ್ರೆಮಿಸ್ಲ್. ಲಿಬುಶೆ ಮೂವರು ಅಕ್ಕತಂಗಿಯರಲ್ಲಿ ಕಿರಿಯಳು, ತನ್ನ ಜನಕ್ಕೆ ನ್ಯಾಯ ಹೇಳುತ್ತಿದ್ದವಳು. ಹೆಂಗಸಿನ ತೀರ್ಪು ನಮಗೆ ಬೇಡವೆಂದು ಗಂಡಸರು ಎದುರಾಡಿದಾಗ ಅವಳು ತನ್ನ ಕುದುರೆಯನ್ನು ಬಿಟ್ಟಳು. ಅದು ಹೋಗಿ ನಿಂತಲ್ಲಿ ಎರಡೆತ್ತಿನ ನೇಗಿಲು ಹಿಡಿದಿದ್ದ ಉಳುವವನೇ ಅವಳ ಗಂಡನೂ ದೊರೆಯೂ ಆದ. ಮುಂದೊಂದು ದಿನ ಅವಳು ನದಿಯ ಮೇಲಿನ ಬಂಡೆಯ ಮೇಲೆ ನಿಂತು, ಬರಿಯ ಕಾಡಿದ್ದ ಕಡೆಗೆ ಕೈ ತೋರಿಸಿ, ಅಲ್ಲಿ ಮಹಾನಗರವೊಂದು ಏಳುತ್ತದೆ ಎಂದಳು. ಆ ಕಾಡಿನಲ್ಲಿ ಒಬ್ಬ ಮನುಷ್ಯ ಮನೆಯ ಹೊಸ್ತಿಲನ್ನು ಕೆತ್ತುತ್ತಿರುತ್ತಾನೆ, ಅವನಿರುವಲ್ಲಿ ನಗರವನ್ನು ಕಟ್ಟಿರಿ ಎಂದು ಗುರುತನ್ನೂ ಹೇಳಿದಳು. ಹೋಗಿ ನೋಡಿದರೆ ಆ ಮನುಷ್ಯ ಅಲ್ಲಿದ್ದನಂತೆ.

ಹೊಸ್ತಿಲು ಕೆತ್ತುವವನು ಎಂದಾಗ ನನ್ನ ಮೈ ಜುಮ್ಮೆಂದಿತು. ನಮ್ಮ ಕುಲದವರ ಕಸುಬದು.

ಮಹಿಳೆ ಹೊರಡುವ ಮುನ್ನ ಲಿಬುಶೆಯ ಚಿತ್ರದ ಮೇಲೆ ಬೆರಳಿಟ್ಟು, ‘ಬಟ್ಟೆಯ ಮಡಿಕೆಯಲ್ಲಿ ತಪ್ಪಾದರೆ ನಾನು ಸುಮ್ಮನಿರುತ್ತೇನೆ. ಆದರೆ ನೋಟ ತಪ್ಪಬಾರದು. ಇವಳು ಇಲ್ಲದ ಊರನ್ನು ನೋಡುತ್ತಿದ್ದಾಳೆ,’ ಎಂದರು. ಆ ಮಾತನ್ನು ನನಗೆ ಯಾರೂ ಕನ್ನಡದಲ್ಲಿ ಹೇಳಬೇಕಾಗಲಿಲ್ಲ.

ನಾಲ್ಕೂ ಮೂರ್ತಿಗಳನ್ನು ಮಣ್ಣಿನಲ್ಲಿ ಎಬ್ಬಿಸಿದೆ. ಮೂವರ ಕಣ್ಣನ್ನು ಆಯಾ ದಿನವೇ ತೆರೆದೆ. ಲಿಬುಶೆಯ ಮುಂದೆ ಮಾತ್ರ ಕೈ ನಿಂತಿತು. ಅವಳು ನನ್ನ ದೇವರಲ್ಲ, ಪ್ರತಿಷ್ಠೆಗೆ ಹೋಗುವವಳೂ ಅಲ್ಲ. ಇದು ನನಗೆ ಗೊತ್ತಿತ್ತು. ಆದರೂ ಕಾಣುವುದನ್ನೇ ತಪಸ್ಸಾಗಿ ಮಾಡಿಕೊಂಡವಳ ಕಣ್ಣನ್ನು ಡಾಲ್ಫಿನ್ನಿನ ಕಣ್ಣಿನಂತೆ ಕೊರೆಯುವುದು ಹೇಗೆ? ಎರಡೂ ಕಣ್ಣಿನ ಜಾಗವನ್ನು ನಯವಾಗಿ ಉಬ್ಬಿಸಿ, ಮೇಲೆ ಜೇನುಮೇಣ ಹಚ್ಚಿ, ಒಳ್ಳೆಯ ದಿನಕ್ಕೆಂದು ಹಾಗೆಯೇ ಬಿಟ್ಟೆ. ಮರುದಿನ ತಂದೆಯವರ ಶ್ರಾದ್ಧ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿರುವ ಮಗಳ ಮನೆಗೆ ಹೋಗಿ ಮೂರು ದಿನ ಅಲ್ಲಿಯೇ ಉಳಿದೆ.

ಪೊರ್ಬುಗಳಿಗೆ ಒಂದು ಮಾತು ಹೇಳಿಹೋಗಬೇಕಿತ್ತು. ಹೇಳಲಿಲ್ಲ. ಕಣ್ಣು ಮುಚ್ಚಿದ ಮೂರ್ತಿಯನ್ನು ಯಾರೂ ಮುಟ್ಟುವುದಿಲ್ಲ ಎಂಬುದು ನಮ್ಮ ಕೆಲಸದ ಮನೆಯಲ್ಲಿ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಲೋಕಕ್ಕೆಲ್ಲ ಗೊತ್ತಿರುತ್ತದೆ ಎಂದುಕೊಂಡುಬಿಟ್ಟೆ. ಕಲ್ಲಿನಲ್ಲಾದರೆ ಕಣ್ಣು ಯಾವಾಗ ತೆರೆದರೂ ಆದೀತು. ಫೈಬರಿನಲ್ಲಿ ಅಚ್ಚು ತೆಗೆಯುವ ಮೊದಲೇ ಮಣ್ಣಿನಲ್ಲಿ ತೆರೆಯಬೇಕು. ಇಷ್ಟು ವರ್ಷ ಆ ಕೆಲಸವನ್ನೇ ಮಾಡುತ್ತಿದ್ದವನಿಗೆ ಆ ಒಂದು ದಿನ ಅದು ಮರೆತುಹೋಯಿತು.

ನಾನು ಹಿಂತಿರುಗುವಾಗ ಅಚ್ಚು ತೆಗೆದಾಗಿತ್ತು, ಮಣ್ಣಿನ ಮೂರ್ತಿಯನ್ನು ಅಗೆದು ತೊಟ್ಟಿಗೆ ಹಾಕಿಯಾಗಿತ್ತು, ಪ್ರತಿಮೆಯೂ ಅಚ್ಚಿನಿಂದ ಹೊರಬಂದಿತ್ತು. ಕಾರ್ಖಾನೆಯ ನಡುವೆ ಲಿಬುಶೆ ಕೈ ಚಾಚಿ ನಿಂತಿದ್ದಳು. ಕಣ್ಣಿರಲಿಲ್ಲ.

‘ಪೊರ್ಬುಗಳೇ, ಇದೇನು ಮಾಡಿದಿರಿ? ಕಣ್ಣು ತೆರೆದಿರಲಿಲ್ಲವಲ್ಲ!’

‘ತೆರೆದಿರ್ಲಿಲ್ವಾ?’ ಅವರು ಹತ್ತಿರ ಬಂದು ಆ ಉಬ್ಬಿನ ಮೇಲೆ ಬೆರಳಾಡಿಸಿದರು. ‘ಯುರೋಪಿನ ಮೂರ್ತಿಗಳಲ್ಲಿ ಕಣ್ಣು ನುಣ್ಣಗೇ ಇರ್ತದೆ ಅಲ್ವಾ, ಫೋಟೋದಲ್ಲಿ ಎಷ್ಟು ನೋಡಿದ್ದೇನೆ! ನೀವು ಮುಗಿಸಿಯೇ ಹೋದದ್ದು ಅಂತ ಮಾಡಿದೆ. ಮೇಲೆ ಮೇಣ ಬೇರೆ ಹಚ್ಚಿದ್ದೀರಿ, ಪಾಲಿಶ್ ಮಾಡಿದ ಹಾಗೆ!’

ಹೊಸ ಮೂರ್ತಿಗೆ ಮೂರು ವಾರ ಬೇಕು. ಇದ್ದುದು ಐದು ದಿನ. ಕಂಚಿನ ಬಣ್ಣದ ಮೇಲೆ ಕಪ್ಪಿನಲ್ಲಿ ಕಣ್ಣು ಬರೆದು ನೋಡಿದೆವು. ಜಾತ್ರೆಯ ಗೊಂಬೆಯಂತಾಯಿತು, ಒರೆಸಿದೆವು. ನಾನು ಉಳಿಯಿಂದ ಫೈಬರಿನ ಮೇಲೆಯೇ ತೆರೆಯುತ್ತೇನೆ ಎಂದಾಗ ಪೊರ್ಬುಗಳು ಉಳಿಗಳಿದ್ದ ನನ್ನ ಕೈಚೀಲವನ್ನು ಕಿತ್ತುಕೊಂಡರು.

‘ಹೊರಗಿನ ಗಟ್ಟಿ ಪದರ ಉಗುರಿನಷ್ಟು ದಪ್ಪ ಇಲ್ಲ, ಆಚಾರ್ರೆ. ಅದರೊಳಗೆ ಬರೇ ಗಾಜಿನ ನಾರು. ಮತ್ತೆ ಪೊಳ್ಳು. ಒಂದು ಪೆಟ್ಟು ಹೆಚ್ಚಾದ್ರೆ ಮುಖವೇ ಹೋಯ್ತು. ಹೀಗೇ ಇರ್ಲಿ. ಎತ್ತರದ ಪೀಠ. ಬೆಳಿಗ್ಗೆ ಬಿಸಿಲು ಹಿಂದಿನಿಂದ ಬರ್ತದೆ, ಮುಖ ನೆರಳಲ್ಲಿ ಉಳೀತದೆ. ಮೇಡಮ್ ಸಹಿ ಹಾಕುವಷ್ಟು ಹೊತ್ತು ದಾಟಿದ್ರೆ ಸಾಕು.’

‘ಅವರು ಕೇಳಿದ್ದು ಅದೊಂದನ್ನೇ.’

‘ನನ್ನ ಮಗಳು ಕೇಳಿದ್ದೂ ಒಂದನ್ನೇ,’ ಎಂದು ಅವರು ಹೊರಗೆ ನಡೆದರು. ಐದು ದಿನ ನಮ್ಮಿಬ್ಬರಲ್ಲಿ ಕೆಲಸದ ಮಾತಲ್ಲದೆ ಬೇರೆ ಮಾತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಅವರು ಬೇರೆ ಮೇಜಿನಲ್ಲಿ ಕುಳಿತರು. ತಪ್ಪು ನನ್ನದು, ಅದರ ಶಿಕ್ಷೆ ಅವರ ಮಗಳಿಗೆ ಎಂಬ ಅರಿವಿನಿಂದ ನನಗೆ ಜಪದಲ್ಲಿಯೂ ಮನಸ್ಸು ನಿಲ್ಲಲಿಲ್ಲ.

ಪ್ರತಿಮೆಗಳನ್ನು ಲಾರಿಗೆ ಏರಿಸಿ ಅಬುಧಾಬಿಗೆ ಹೊರಟ ಬೆಳಿಗ್ಗೆ ದಟ್ಟವಾದ ಮಂಜು ಬಿದ್ದಿತ್ತು. ಚಳಿಗಾಲದಲ್ಲಿ ಈ ಮರಳುಗಾಡಿನ ಹೆದ್ದಾರಿ ಕೆಲವು ದಿನ ಹೀಗೆ ಹಾಲಿನೊಳಗೆ ಮುಳುಗಿಬಿಡುತ್ತದೆ. ವೇಗದ ಮಿತಿಯನ್ನು ಎಂಬತ್ತಕ್ಕೆ ಇಳಿಸಿದ್ದಾರೆಂದು ಮೇಲಿನ ಫಲಕಗಳು ಮಿನುಗಿ ಹೇಳುತ್ತಿದ್ದವು. ಮುಂದಿನ ವಾಹನದ ಕೆಂಪು ದೀಪ ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ. ಪಠಾಣ ಚಾಲಕ ಸ್ಟಿಯರಿಂಗಿಗೆ ಎದೆಯೊತ್ತಿ ಕುಳಿತಿದ್ದ. ನಡುವೆ ಪೊರ್ಬುಗಳು, ಅಂಚಿನಲ್ಲಿ ನಾನು. ಹಿಂದೆ, ಹಗ್ಗದಲ್ಲಿ ಬಿಗಿದ ಹೊದಿಕೆಯೊಳಗೆ, ಕಣ್ಣಿಲ್ಲದ ಲಿಬುಶೆ. ಅಂದು ಏಕಾದಶಿ. ನಾನು ನೀರನ್ನೂ ಮುಟ್ಟಿರಲಿಲ್ಲ.

ಉದ್ಯಾನ ತಲುಪಿದಾಗಲೂ ಮಂಜು ಕರಗಿರಲಿಲ್ಲ. ಕ್ರೇನಿನಿಂದ ಒಬ್ಬೊಬ್ಬರನ್ನೇ ಎತ್ತಿ ಪೀಠಕ್ಕೆ ಇಳಿಸಿದೆವು. ಲಿಬುಶೆಯ ಕೈ ಕಾಲುವೆಯ ಕಡೆಗೆ ಚಾಚಿತ್ತು. ಆ ಕಡೆ ಅಲ್ ರೀಮ್ ದ್ವೀಪವಿರಬೇಕು, ಏನೂ ಕಾಣದು. ಅಷ್ಟರಲ್ಲಿ ಪೊರ್ಬುಗಳ ಫೋನಿಗೆ ಸಂದೇಶ ಬಂತು. ಮಂಜಿನ ಕಾರಣ ಮಹಿಳೆಯ ಕಾರು ದಾರಿಯಲ್ಲಿ ಸಿಕ್ಕಿಕೊಂಡಿದೆ, ಇನ್ನೂ ಮುಕ್ಕಾಲು ಗಂಟೆ.

ಇನ್ನೊಂದು ತೊಂದರೆಯೂ ಎದುರಾಯಿತು. ಬಿಸಿಲು ಹಿಂದಿನಿಂದ ಬರುತ್ತದೆಂಬ ಪೊರ್ಬುಗಳ ಲೆಕ್ಕ ತಲೆಕೆಳಗಾಗಿತ್ತು. ಪೂರ್ವದ ಬೆಳಕು ಮಂಜಿನೊಳಗಿಂದಲೇ ನೇರವಾಗಿ ಅವಳ ಮುಖಕ್ಕೆ ಬೀಳುತ್ತಿತ್ತು. ಆ ಬೋಳು ಕಣ್ಣುಗಳು ಬೇಯಿಸಿದ ಮೊಟ್ಟೆಯಂತೆ ಹೊಳೆದವು. ಪೊರ್ಬುಗಳು ಕೆಳಗೆ ನಿಂತು ಬಹಳ ಹೊತ್ತು ನೋಡಿದರು.

‘ಆಚಾರ್ರೆ, ಒಂದು ಸತ್ಯ ಹೇಳಿ. ನಿಮ್ಮ ಕೈ ನಡುಗ್ತದಾ?’

‘ನಡುಗುತ್ತದೆ. ಉಳಿ ತಾಗುವವರೆಗೆ ಮಾತ್ರ.’

‘ಮುಟ್ಟದೇ ಬಿಟ್ರೆ?’

‘ಅವರು ಮೊದಲು ನೋಡುವುದೇ ಅಲ್ಲಿ. ನಿಮಗೂ ಗೊತ್ತು.’

ಅವರು ಶಿಲುಬೆಯ ಗುರುತು ಮಾಡಿಕೊಂಡರು. ‘ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವಾದ ಕೊಡುವವರೆಗೆ ಮೂರ್ತಿ ಬರೇ ಮರ ಅಂತ ನನ್ನ ಅಪ್ಪ ಹೇಳ್ತಿದ್ರು. ನಿಮ್ಮದೂ ಅಂಥದ್ದೇ ಏನೋ. ಏನು ಬೇಕು ಹೇಳಿ.’

‘ಒಂದು ಕನ್ನಡಿ.’

ಚಾಲಕ ಗಡ್ಡ ತಿದ್ದಿಕೊಳ್ಳುವ ತನ್ನ ಕೈಗನ್ನಡಿಯನ್ನು ಗೊಣಗುತ್ತ ಕೊಟ್ಟ. ಉದ್ಯಾನದ ನಲ್ಲಿಯಲ್ಲಿ ಕೈಕಾಲು ತೊಳೆದು, ಗುರುಗಳನ್ನೂ ತಂದೆಯವರನ್ನೂ ಮನಸ್ಸಿನಲ್ಲಿಯೇ ನೆನೆದೆ. ಮಂತ್ರ ಹೇಳಲಿಲ್ಲ, ಅದು ನನ್ನ ಅಧಿಕಾರವೂ ಅಲ್ಲ, ಆ ನೆಲದಲ್ಲಿ ಉಚಿತವೂ ಅಲ್ಲ. ಪೀಠದ ಪಕ್ಕ ನಿಲ್ಲಿಸಿದ್ದ ಅಟ್ಟಣಿಗೆ ಏರಿದೆ. ಪೊರ್ಬುಗಳು ಎದುರಿಗೆ ಹಲಗೆಯ ತುದಿಯಲ್ಲಿ, ತಮ್ಮ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಎರಡೂ ಕೈಯಿಂದ ಕನ್ನಡಿಯನ್ನು ಎತ್ತಿ ಹಿಡಿದರು. ನಾನು ಲಿಬುಶೆಯ ಬಲ ಭುಜದ ಬದಿಗೆ ನಿಂತೆ.

ನಮ್ಮ ಶಾಸ್ತ್ರದಲ್ಲಿ ಬಲಗಣ್ಣು ಸೂರ್ಯ. ಮೊದಲು ಅದು. ಅತಿ ಸಣ್ಣ ಉಳಿಯಿಂದ ರೆಪ್ಪೆಯ ಗೆರೆಯನ್ನು ಎಳೆದೆ. ಕೂದಲೆಳೆಯಷ್ಟು ಪುಡಿ ಉದುರಿತು. ಪಾಪೆಯ ವೃತ್ತವನ್ನು ತೆಳುವಾಗಿ ಕೆರೆದೆ. ಕನ್ನಡಿಯಲ್ಲಿ ಬಲ ಎಡವಾಗುತ್ತದೆ. ಕೈ ಒಂದು ಕಡೆ ಹೋದರೆ ಬಿಂಬ ಇನ್ನೊಂದು ಕಡೆ. ಹದಿನಾರರಿಂದ ಅಭ್ಯಾಸವಾದದ್ದು ಕೈಬಿಡಲಿಲ್ಲ. ಬಲಗಣ್ಣು ತೆರೆಯಿತು. ನೋಟವಿತ್ತು, ಆದರೆ ಹತ್ತಿರದ ನೋಟ. ಕನ್ನಡಿಯವರೆಗೆ ಬಂದು ನಿಲ್ಲುವಂಥದ್ದು.

ಎಡಗಣ್ಣು ಚಂದ್ರ. ರೆಪ್ಪೆ ಬಂತು. ವೃತ್ತ ಬಂತು. ನಡುವಿನ ಬಿಂದುವಿಗೆ ಉಳಿಯ ತುದಿಯನ್ನು ಇಟ್ಟು ಒತ್ತಿದೆ ಅಷ್ಟೆ. ಪದರದ ಕೆಳಗೆ ಎಲ್ಲೋ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡಿದ್ದಿರಬೇಕು. ಟಕ್ ಎಂದಿತು. ಮೆಣಸಿನ ಕಾಳಿನಷ್ಟು ಚೂರು ಒಳಗೆ ಬಿದ್ದು, ಪೊಳ್ಳು ಹೊಟ್ಟೆಯೊಳಗೆ ಉರುಳುತ್ತ ಕೆಳಗೆ ಹೋದ ಸದ್ದು ಇಬ್ಬರಿಗೂ ಕೇಳಿಸಿತು. ಕಣ್ಣಿನ ನಡುವೆ ಕಪ್ಪು ತೂತು.

‘ಸಾಯ್ಬಾ!’ ಎಂದರು ಪೊರ್ಬುಗಳು, ದೇವರನ್ನು ಕರೆದು. ಅದೇ ಹೊತ್ತಿಗೆ ಉದ್ಯಾನದ ಬಾಗಿಲಲ್ಲಿ ಕಾರಿನ ದೀಪಗಳೆರಡು ಮಂಜಿನೊಳಗೆ ಹಳದಿಯಾಗಿ ನಿಂತವು. ‘ಬಂದ್ರು. ಮುಗೀತು ಆಚಾರ್ರೆ, ಎಲ್ಲ ಮುಗೀತು. ಮೇಣ ಉಂಟಾ? ಮುಚ್ಚಿ ಬೇಗ!’

ಮೇಣ ನನ್ನ ಚೀಲದಲ್ಲಿತ್ತು. ಕೈ ಅತ್ತ ಹೋಗುವ ಮುನ್ನ ಕಣ್ಣು ಕನ್ನಡಿಗೆ ಹೋಯಿತು. ಬಲಗಣ್ಣು ಕನ್ನಡಿಯನ್ನು ನೋಡುತ್ತಿತ್ತು. ತೂತಾದ ಎಡಗಣ್ಣು ಕನ್ನಡಿಯನ್ನು ದಾಟಿ, ಪೊರ್ಬುಗಳನ್ನು ದಾಟಿ, ಬಹುದೂರ ಏನನ್ನೋ ನೋಡುತ್ತಿತ್ತು. ಒಳಗಿನ ಕತ್ತಲೆಯೇ ಪಾಪೆಯಾಗಿತ್ತು.

‘ಕನ್ನಡಿ ಅಲ್ಲಾಡಿಸಬೇಡಿ,’ ಎಂದೆ. ಉಳಿಯನ್ನು ಬಲಗಣ್ಣಿನ ನಡುವಿಗೆ ಇಟ್ಟೆ.

‘ಎಂತ ಮಾಡ್ತೀರಿ? ಅದನ್ನೂ ಒಡೀತೀರಾ? ನಿಮಗೆ ತಲೆ ಕೆಟ್ಟಿದೆಯಾ ಮಾರಾಯ್ರೆ!’

‘ಪೊರ್ಬುಗಳೇ, ಕನ್ನಡಿ.’

ಅವರು ಕಣ್ಣು ಮುಚ್ಚಿಕೊಂಡರು. ಆದರೆ ಕನ್ನಡಿಯನ್ನು ಹಿಡಿದೇ ಇದ್ದರು. ಆ ಉಪಕಾರವನ್ನು ನಾನು ಮರೆಯಲಾರೆ. ಇಲ್ಲಿ ಗುಳ್ಳೆಯ ಸಹಾಯವಿರಲಿಲ್ಲ. ಉಳಿಯನ್ನು ಬೆರಳಿನಲ್ಲಿಯೇ ತಿರುಗಿಸುತ್ತ, ಗಾಜಿನ ನಾರು ಸಿಡಿಯದಂತೆ, ಉಸಿರು ಕಟ್ಟಿ ಇಳಿಸಿದೆ. ಕೆಳಗೆ ಕಲ್ಲುಹಾಸಿನ ಮೇಲೆ ಮಹಿಳೆಯ ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು. ಎರಡನೆಯ ಚೂರು ಒಳಗೆ ಬಿದ್ದಿತು. ಪುಡಿಯನ್ನು ಒರೆಸಿ, ಕಂಚಿನ ಬಣ್ಣವನ್ನು ಬೆರಳಿನಿಂದ ಅಂಚಿಗೆ ಸವರಿ, ಕೆಳಗಿಳಿದೆ.

ಮಹಿಳೆ ತಲೆಯೆತ್ತಿ ನೋಡಿದರು. ಪೊರ್ಬುಗಳು ಬಾಯಿ ತೆರೆದರು. ‘ಮೇಡಮ್, ದಿಸ್ ಈಸ್ ಅವರ್ ಸ್ಪೆಷಲ್...’

‘ಬೇಡ ಪೊರ್ಬುಗಳೇ,’ ಎಂದು ತಡೆದೆ. ನನಗೆ ಬರುವ ಇಂಗ್ಲಿಷಿನಲ್ಲಿ ನಡೆದದ್ದನ್ನು ನಡೆದಂತೆ ಹೇಳಿದೆ. ಕಣ್ಣನ್ನು ತೆರೆಯದೆ ಬಿಟ್ಟವನು ನಾನು, ಅದನ್ನು ಹೇಳದೆ ಹೋದವನು ನಾನು, ಈಗ ಇಲ್ಲಿ ಕೊರೆದವನೂ ನಾನು, ಎಡಗಣ್ಣು ಒಡೆದದ್ದು ನನ್ನ ಇಚ್ಛೆಯಿಂದಲ್ಲ, ಬಲಗಣ್ಣು ನನ್ನ ಇಚ್ಛೆಯಿಂದ. ಇವರ ಅಚ್ಚಿನಲ್ಲಿ ದೋಷವಿಲ್ಲ. ಪೊರ್ಬುಗಳು ತಲೆಯ ಮೇಲೆ ಕೈ ಹೊತ್ತು ನಿಂತರು.

ಮಹಿಳೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಮೂವತ್ತು ಅಡಿ ದೂರ ಹೋಗಿ ನಿಂತರು. ಅಲ್ಲಿಂದ ನೋಡಿದರು. ಪಕ್ಕಕ್ಕೆ ಸರಿದು ಮತ್ತೆ ನೋಡಿದರು. ಮಂಜು ಮೆಲ್ಲಗೆ ಏಳತೊಡಗಿತ್ತು. ಲಿಬುಶೆಯ ಬೆರಳ ತುದಿಯಿಂದಾಚೆ, ಕಾಲುವೆಯ ಮೇಲೆ, ಮೊದಲು ಒಂದು ಗೋಪುರದ ನೆತ್ತಿ, ಆಮೇಲೆ ಇನ್ನೊಂದು, ಬುಡವಿಲ್ಲದೆ ಆಕಾಶದಲ್ಲಿ ತೇಲಿದವು. ಅಲ್ ರೀಮ್ ದ್ವೀಪದ ಕಟ್ಟಡಗಳು. ಅವುಗಳನ್ನು ನಾನು ನೂರು ಸಲ ನೋಡಿದ್ದೇನೆ. ಅಂದು ಅವು ಇನ್ನೂ ಕಟ್ಟಿರದವುಗಳಂತೆ ಕಂಡವು.

ಮಹಿಳೆ ಹತ್ತಿರ ಬಂದು ಪೊರ್ಬುಗಳ ಕಡೆ ತಿರುಗಿದರು. ‘ನಮ್ಮಲ್ಲಿಯೂ ಪಾಪೆಯನ್ನು ಹೀಗೆ ತೋಡುತ್ತಾರೆ, ನೆರಳು ನಿಲ್ಲಲಿ ಎಂದು. ಇಷ್ಟು ಆಳವಾಗಿ ಅಲ್ಲ.’ ಮತ್ತೆ ತಲೆಯೆತ್ತಿ ನೋಡಿ, ‘ಮಳೆನೀರು ಒಳಗೆ ಹೋಗದಂತೆ ಹಿಂಬದಿಯಿಂದ ಮುಚ್ಚಿಸಿ,’ ಎಂದರು. ಆಮೇಲೆ ನನ್ನನ್ನು ನೋಡಿ, ‘ಮುಖ ಮಾತ್ರ ಬಹಳ ಸೌಮ್ಯವಾಯಿತು. ನಮ್ಮವಳು ಇನ್ನೂ ಬಿಗಿ. ಇವಳು ನಿಮ್ಮ ಊರಿನವಳು,’ ಎಂದರು. ಅದನ್ನು ನಾನು ಅಲ್ಲಗಳೆಯಲಿಲ್ಲ. ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಮಾಡಿದರು. ಟಿಪ್ಪಣಿಯ ಜಾಗದಲ್ಲಿ, ಕಣ್ಣನ್ನು ಶಿಲ್ಪಿ ಸ್ಥಳದಲ್ಲಿಯೇ ತೆರೆದರು, ಒಪ್ಪಿಗೆಯಿದೆ, ತಕರಾರಿಲ್ಲ ಎಂದು ಬರೆದರು.

ಚಾಲಕ ತನ್ನ ಕನ್ನಡಿಯನ್ನು ಕೇಳಿದ. ಮೊದಲ ನೋಟ ಬಿದ್ದ ಕನ್ನಡಿಯಲ್ಲಿ ಮತ್ತಾರೂ ಮುಖ ನೋಡಿಕೊಳ್ಳಬಾರದು ಎಂಬುದು ನಮ್ಮ ಮನೆಯ ನಿಯಮ. ಹೊಸದನ್ನು ಕೊಡಿಸುತ್ತೇನೆಂದು ಹರಕು ಹಿಂದಿಯಲ್ಲಿ ಎಷ್ಟು ಹೇಳಿದರೂ ಅವನಿಗೆ ನಂಬಿಕೆ ಬರಲಿಲ್ಲ. ಹಮ್ದಾನ್ ಸ್ಟ್ರೀಟಿನಲ್ಲಿ ಲಾರಿ ನಿಲ್ಲಿಸಿ ಅದಕ್ಕಿಂತ ದೊಡ್ಡ ಕನ್ನಡಿಯನ್ನು ಅವನ ಕೈಗಿಟ್ಟ ಮೇಲೆಯೇ ಹಳೆಯದು ನನ್ನ ಚೀಲ ಸೇರಿತು.

ಆದರೆ ಅದು ಆಮೇಲಿನ ಮಾತು. ಉದ್ಯಾನದಲ್ಲಿ, ಮಹಿಳೆಯ ಕಾರು ಹೋದ ಮೇಲೆ, ಪೊರ್ಬುಗಳು ಸಹಿಯಾದ ಕಾಗದದ ಚಿತ್ರ ತೆಗೆದು ಮಾಲೀಕರಿಗೆ ಕಳಿಸಿದರು. ಲಾರಿಯ ಮೆಟ್ಟಿಲ ಮೇಲೆ ಕುಳಿತು ಫೋನಿನ ಪರದೆಯನ್ನೇ ನೋಡುತ್ತಿದ್ದರು. ನಾನು ಬೆನ್ನು ಹಾಕಿ ಉಳಿಗಳನ್ನು ಒರೆಸುತ್ತ ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಫೋನು ಒಮ್ಮೆ ಮಿಡುಕಿತು.

‘ಎಂತ ಬರೆದಿದ್ದಾರೆ?’ ಎಂದು ತಿರುಗದೆಯೇ ಕೇಳಿದೆ.

‘ನಾಳೆ ಪಾಸ್‌ಪೋರ್ಟ್ ತೆಕ್ಕೊಂಡು ಬಾ, ರಿನ್ಯೂ ಮಾಡುವ ಅಂತ.’ ಆಮೇಲೆ ಅವರು ಮನೆಗೆ ಕರೆ ಮಾಡಿ, ಮಗಳಿಗೆ ಫೋನು ಕೊಡಲು ಹೇಳಿ, ಅಷ್ಟು ದೊಡ್ಡ ಉದ್ಯಾನವೆಲ್ಲ ಕೇಳುವಂತೆ, ‘ಓದು! ಸುಮ್ಮನೆ ಕೂತು ಓದು, ಕೇಳ್ತಾ?’ ಎಂದು ಕೂಗಿದರು.

ಆ ಕಡೆಯಿಂದ ಹುಡುಗಿಯ ಧ್ವನಿ ಸ್ಪಷ್ಟವಾಗಿ ಬಂತು: ‘ಡ್ಯಾಡಿ, ಐ ಆ್ಯಮ್ ಸ್ಟಡಿಯಿಂಗ್ ಓನ್ಲಿ! ವೈ ಆರ್ ಯೂ ಶೌಟಿಂಗ್?’

ಪೊರ್ಬುಗಳು ಫೋನನ್ನು ಎದೆಗೆ ಒತ್ತಿಕೊಂಡು ನಕ್ಕರು. ಐದು ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿ, ‘ಬನ್ನಿ ಆಚಾರ್ರೆ, ಚಾ ಕುಡಿಯುವ,’ ಎಂದರು. ಮರುಗಳಿಗೆಯೇ ಏಕಾದಶಿ ನೆನಪಾಗಿ, ‘ಅಯ್ಯೋ, ನಿಮಗಿಲ್ಲ ಅಲ್ವಾ? ಹಾಗಾದ್ರೆ ನನ್ನದೂ ನಾಳೆಯೇ ಆಗ್ಲಿ,’ ಎಂದು ಮೆಟ್ಟಿಲಿನಲ್ಲಿ ಸರಿದು ನನಗೆ ಜಾಗ ಮಾಡಿಕೊಟ್ಟರು.